ನಗಿಸುವ ಚಿತ್ರ, ಸರಿಯುವ ರೇಖೆ

ಏಪ್ರಿಲ್ ಬಂತೆಂದರೆ ಕಲಬುರಗಿ ಸೀಮೆಯ ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಿಸಿಲಿನ ಮೀಮುಗಳ ಸುಗ್ಗಿ. ಒಲೆ ಬಿಟ್ಟು ಮಾಳಿಗೆಯ ಮೇಲೆ ರೊಟ್ಟಿ ಬೇಯಿಸುವ ಅವ್ವ, ಸೂರ್ಯನಿಗೆ ಕೈಮುಗಿದು 'ಸಾಕೋ ಯಪ್ಪಾ' ಎನ್ನುವ ಮುದುಕ, ವರ್ಷಕ್ಕೆ ಎರಡೇ ಕಾಲ, ಒಂದು ಬ್ಯಾಸಗಿ, ಇನ್ನೊಂದು ಭಾಳ ಬ್ಯಾಸಗಿ ಎಂದು ಬರೆದ ಫಲಕ. ನೋಡಿ ನಕ್ಕು ಮುಂದಿನವರಿಗೆ ಕಳಿಸಿ ಮರೆತುಬಿಡುವ ಚಿತ್ರಗಳಿವು. ಇಂಥ ಒಂದು ಚಿತ್ರವನ್ನು ಪಿಯುಸಿ ತರಗತಿಯ ಕಪ್ಪು ಹಲಗೆಯ ಮೇಲೆ ತಂದು ನಿಲ್ಲಿಸಿದರೆ, ಅರ್ಥಶಾಸ್ತ್ರದ ಮಕ್ಕಳು ವರ್ಷವಿಡೀ ಎಡವುವ ಒಂದು ಜಾಗವನ್ನು ಹತ್ತೇ ನಿಮಿಷದಲ್ಲಿ ದಾಟಿಸಬಹುದು.

ಆ ಜಾಗ ಯಾವುದೆಂದರೆ ಬೇಡಿಕೆಯ ರೇಖೆ. ಬೆಲೆ ಇಳಿದಾಗ ಜನ ಹೆಚ್ಚು ಕೊಂಡರೆ ನಾವು ಅದೇ ರೇಖೆಯ ಮೇಲೆ ಕೆಳಗೆ ಜಾರುತ್ತೇವೆ. ಬೆಲೆ ಇದ್ದಷ್ಟೇ ಇದ್ದು, ಬೇರೆ ಯಾವುದೋ ಕಾರಣಕ್ಕೆ ಜನ ಹೆಚ್ಚು ಕೊಂಡರೆ ಇಡೀ ರೇಖೆಯೇ ಬಲಕ್ಕೆ ಸರಿಯುತ್ತದೆ. ಪಠ್ಯಪುಸ್ತಕದಲ್ಲಿ ಇದು ಎರಡು ಪ್ಯಾರಾ, ಎರಡು ನಕ್ಷೆ. ಮಕ್ಕಳು ಎರಡನ್ನೂ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುತ್ತಾರೆ. ಈಗ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಮನೆ ಗೀಚಿ. ಒಂದರಲ್ಲಿ ಕೂಲರಿನ ಮುಂದೆ ಹಲ್ಲು ಕಿಸಿದು ಕೂತ ಮನುಷ್ಯ: 'ಅಂಗಡ್ಯಾಂವ ರೇಟ್ ಇಳಿಸ್ಯಾನ, ತಗೊಂಡೆ.' ಇನ್ನೊಂದರಲ್ಲಿ ಅದೇ ಕೂಲರು, ಅದೇ ಮನುಷ್ಯ, ಮೈಯೆಲ್ಲ ಬೆವರು: 'ರೇಟ್ ಅಷ್ಟೇ ಅದ, ತಡಿಲಾರ್ದಕ್ಕ ತಗೊಂಡೆ.' ಯಾವುದು ಜಾರಿದ್ದು, ಯಾವುದು ಸರಿದದ್ದು ಎಂದು ಕೇಳಿದರೆ ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ. ಮೊದಲನೆಯವನ ಕೈ ಹಿಡಿದದ್ದು ಬೆಲೆ. ಎರಡನೆಯವನನ್ನು ದೂಡಿದ್ದು ಬಿಸಿಲು.

ಆದರೆ ಪಾಠ ನಿಜವಾಗಿ ಶುರುವಾಗುವುದು ಇದರ ಮುಂದಿನ ಪ್ರಶ್ನೆಯಿಂದ. ಬಿಸಿಲಿಗೆ ಬೇಡಿಕೆಯ ರೇಖೆ ಬಲಕ್ಕೆ ಸರಿದರೆ ಬೆಲೆ ಏರಬೇಕು. ಹಾಗಾದರೆ ಕಲ್ಲಂಗಡಿ? 'ಸರ್, ಬ್ಯಾಸಗ್ಯಾಗೇ ಕಲ್ಲಂಗಡಿ ಅಗ್ಗ ಸಿಗ್ತದಲ್ರಿ' ಎಂದು ಒಬ್ಬಳಾದರೂ ಹುಡುಗಿ ಕೇಳುವಂತಿರಬೇಕು ತರಗತಿ. ಬೇಸಿಗೆಯಲ್ಲಿ ತಿನ್ನುವವರು ಹೆಚ್ಚುವಂತೆಯೇ ಹೊಲದಿಂದ ಬರುವ ಹಣ್ಣೂ ಹೆಚ್ಚುತ್ತದೆ. ಪೂರೈಕೆಯ ರೇಖೆಯೂ ಬಲಕ್ಕೆ ಸರಿಯುತ್ತದೆ. ಯಾವುದು ಹೆಚ್ಚು ಸರಿಯಿತೋ ಅದರ ಮೇಲೆ ಬೆಲೆ ನಿಂತಿದೆ. ಮೀಮು ಹೇಳಿದ್ದು ಅರ್ಧ ಸತ್ಯ. ಉಳಿದರ್ಧವನ್ನು ಹುಡುಗಿಯೇ ಹುಡುಕಿದಳು. ಮೀಮಿನಿಂದ ಪಾಠ ಹೇಳುವ ಈ ಕಸುಬಿನ ಬಗ್ಗೆ ನನಗೆ ಇರುವ ಮೆಚ್ಚುಗೆಯೆಲ್ಲ ಇಲ್ಲಿಂದಲೇ ಹುಟ್ಟಿದ್ದು: ಒಳ್ಳೆಯ ಮೇಷ್ಟ್ರು ಮೀಮನ್ನು ತರಗತಿಗೆ ತರುವುದು ನಗಿಸುವುದಕ್ಕೆ ಮಾತ್ರವಲ್ಲ, ಅದರ ಕೊರತೆಯನ್ನು ಮಕ್ಕಳ ಕೈಯಲ್ಲೇ ಹಿಡಿಸುವುದಕ್ಕೆ.

ಮೀಮ್ ಎಂಬ ಮಾತನ್ನು ಟಂಕಿಸಿದವರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, 1976ರಲ್ಲಿ, 'ದಿ ಸೆಲ್ಫಿಶ್ ಜೀನ್' ಪುಸ್ತಕದಲ್ಲಿ. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ನಕಲಾಗುತ್ತ, ನಕಲಾಗುವಾಗ ಚೂರು ಬದಲಾಗುತ್ತ ಹೋಗುವ ರಾಗ, ಮಾತು, ರೂಢಿ, ಇವೆಲ್ಲಕ್ಕೂ ಅವರು ಇಟ್ಟ ಹೆಸರು ಅದು. ಮೊಬೈಲಿನ ಮೀಮು ಅದರ ಬಹಳ ಕಿರಿಯ ಮೊಮ್ಮಗು. ಮಾಡುವ ಬಗೆಯೂ ಸರಳ: ಎಲ್ಲರಿಗೂ ಗೊತ್ತಿರುವ ಒಂದು ಚಿತ್ರ, ಅದರ ಮೇಲೆ ಹೊಸ ಮಾತು. ಆ ಗೊತ್ತಿರುವ ಚಿತ್ರಕ್ಕೆ ಹುಡುಗರು ಟೆಂಪ್ಲೇಟ್ ಎನ್ನುತ್ತಾರೆ. ಕಬ್ಬಿನ ಸೀಮೆಯಲ್ಲಿ ಕೂತು ಬರೆಯುವಾಗ ನನಗೆ ಅಚ್ಚು ಎನ್ನುವುದೇ ಇಷ್ಟ. ಬೆಲ್ಲದ ಅಚ್ಚಿನ ಹಾಗೆ ಅದರ ಆಕಾರ ಮೊದಲೇ ಗಟ್ಟಿಯಾಗಿದೆ. ಪಾಕ ಮಾತ್ರ ಹೊಸದು.

ಕಸುಬಿನ ಗುಟ್ಟೆಲ್ಲ ಈ ಅಚ್ಚಿನ ಆಕಾರದಲ್ಲಿದೆ. ಪ್ರತಿಯೊಂದು ಅಚ್ಚಿನೊಳಗೂ ಒಂದು ಸಂಬಂಧ ಅಡಗಿರುತ್ತದೆ. ಬೆವರು ಸುರಿಸುತ್ತ ಎರಡು ಗುಂಡಿಗಳ ಮುಂದೆ ನಿಂತವನ ಚಿತ್ರದಲ್ಲಿ ಇರುವುದು 'ಎರಡರಲ್ಲಿ ಒಂದೇ' ಎಂಬ ಸಂಕಟ. ಒಂದರ ಕೆಳಗೊಂದು ಮುಖ, ಪ್ರತಿ ಮುಖದಲ್ಲೂ ಬೆಳಕು ಹೆಚ್ಚುತ್ತ ಹೋಗುವ ಚಿತ್ರದಲ್ಲಿ ಇರುವುದು ಮೆಟ್ಟಿಲು. ಅರ್ಥಶಾಸ್ತ್ರದ ಪ್ರತಿ ಪರಿಕಲ್ಪನೆಯೂ ಒಂದು ಸಂಬಂಧವೇ: ಬೆಲೆಗೂ ಪ್ರಮಾಣಕ್ಕೂ, ಇಂದಿನ ಉಳಿತಾಯಕ್ಕೂ ನಾಳಿನ ಆದಾಯಕ್ಕೂ, ಮಾಡಿದ್ದಕ್ಕೂ ಬಿಟ್ಟದ್ದಕ್ಕೂ. ಅಚ್ಚಿನ ಸಂಬಂಧ ಮತ್ತು ಪಾಠದ ಸಂಬಂಧ ಒಂದೇ ಆಗಿದ್ದರೆ ಮೀಮು ಕಲಿಸುತ್ತದೆ. ಬೇರೆಯಾಗಿದ್ದರೆ ನಗಿಸಿ, ತಪ್ಪನ್ನು ಕಲಿಸುತ್ತದೆ. ಮಕ್ಕಳು ನಕ್ಕದ್ದನ್ನು ಬೇಗ ಮರೆಯುವುದಿಲ್ಲ, ಹಾಗಾಗಿ ಆ ತಪ್ಪೂ ಗಟ್ಟಿಯಾಗಿ ಕೂರುತ್ತದೆ.

ಜಗತ್ತಿನಲ್ಲೆಲ್ಲ ಓಡಾಡಿದ ಒಂದು ಅಚ್ಚನ್ನೇ ನೋಡಿ. ಗೆಳತಿಯ ಕೈ ಹಿಡಿದು ನಡೆಯುತ್ತಿರುವ ಹುಡುಗ ಹಿಂದಿರುಗಿ ಇನ್ನೊಬ್ಬಳನ್ನು ನೋಡುತ್ತಿದ್ದಾನೆ. ಗೆಳತಿ ಬಾಯಿ ತೆರೆದು ದಂಗಾಗಿದ್ದಾಳೆ. ಸ್ಪೇನಿನ ಛಾಯಾಗ್ರಾಹಕ ಆಂಟೋನಿಯೋ ಗಿಯೆಮ್ 2015ರಲ್ಲಿ ಮಾರಾಟಕ್ಕೆಂದು ತೆಗೆದ ಈ ಚಿತ್ರ 2017ರಲ್ಲಿ ಮೀಮಾಯಿತು. ಅರ್ಥಶಾಸ್ತ್ರ ಕಲಿಸುವವರು ಇದನ್ನು ಬದಲಿ ವಸ್ತುಗಳ ಪಾಠಕ್ಕೆ ಬಳಸುವುದುಂಟು: ಗೆಳತಿಯ ಮೇಲೆ ಚಹಾ, ದಾರಿಹೋಕಳ ಮೇಲೆ ಕಾಫಿ. ಮೇಲ್ನೋಟಕ್ಕೆ ಸರಿಯೇ. ಆದರೆ ಬದಲಿ ವಸ್ತುವಿನ ಪಾಠದಲ್ಲಿ ಮುಖ್ಯವಾದದ್ದು ಬೆಲೆ: ಚಹಾದ ಬೆಲೆ ಏರಿದ್ದರಿಂದ ಜನ ಕಾಫಿಯ ಕಡೆ ಹೊರಳುತ್ತಾರೆ. ಚಿತ್ರದ ಹುಡುಗನ ಮನಸ್ಸು ತಿರುಗಿದ್ದು ಬೆಲೆಯಿಂದಲ್ಲ, ಅಭಿರುಚಿಯಿಂದ. ಅಭಿರುಚಿ ಬದಲಾದರೆ ರೇಖೆ ಸರಿಯುತ್ತದೆ ಎಂಬುದು ಬೇರೆಯೇ ಪಾಠ. ಅದಕ್ಕೆ ಈ ಚಿತ್ರ ಒಪ್ಪುತ್ತದೆ, ಬದಲಿ ವಸ್ತುವಿನ ಪಾಠಕ್ಕೆ ಒಪ್ಪುವುದಿಲ್ಲ. ಇಷ್ಟು ಸೂಕ್ಷ್ಮವಾಗಿ ಅಚ್ಚನ್ನು ತೂಗಿ ನೋಡುವುದೇ ಈ ಕೆಲಸದ ಕುಶಲತೆ. ಇನ್ನೂ ಒಂದು ಮಾತು: ಸ್ವೀಡನ್ನಿನ ಕಂಪನಿಯೊಂದು ಇದೇ ಚಿತ್ರವನ್ನು ಉದ್ಯೋಗದ ಜಾಹೀರಾತಿಗೆ ಬಳಸಿದಾಗ, ಅಲ್ಲಿನ ಜಾಹೀರಾತು ನಿಗಾ ಸಂಸ್ಥೆ 2018ರಲ್ಲಿ ಅದು ಹೆಣ್ಣನ್ನು ವಸ್ತುವಿನಂತೆ ತೋರಿಸುತ್ತದೆ ಎಂದು ತೀರ್ಪಿತ್ತಿತು. ಹುಡುಗಿಯರು ತುಂಬಿದ ತರಗತಿಯಲ್ಲಿ ನಾನಾದರೆ ಈ ಅಚ್ಚನ್ನು ಬಳಸುವುದಿಲ್ಲ. ಎತ್ತು ಹೊಡೆಯುತ್ತ ಪಕ್ಕದ ಹೊಲದ ಟ್ರ್ಯಾಕ್ಟರಿನ ಕಡೆ ಕತ್ತು ತಿರುಗಿಸಿದ ರೈತನ ಚಿತ್ರ ಗೀಚಿದರೂ ಸಾಕು, ಆಕಾರ ಅದೇ.

ಸೀಮಾಂತ ತುಷ್ಟಿಗುಣ ಎಂಬ ಶಬ್ದವನ್ನು ಮೊದಲ ಸಲ ಕೇಳಿದ ಮಗುವಿನ ಮುಖ ನೋಡಿದ್ದೀರಾ? ಶಬ್ದವೇ ಗೋಡೆಯಂತೆ ಎದ್ದು ನಿಲ್ಲುತ್ತದೆ. ಆದರೆ ವಿಷಯ ಮಿರ್ಚಿ ಭಜಿಯ ಬಂಡಿಯ ಹತ್ತಿರವೇ ಇದೆ. ಸಂಜೆ ಹಸಿದು ಬಂದವನಿಗೆ ಮೊದಲ ಮಿರ್ಚಿ ಕೊಡುವ ಸುಖ 20 ಎನ್ನೋಣ. ಎರಡನೆಯದು 16, ಮೂರನೆಯದು 10, ನಾಲ್ಕನೆಯದು 4, ಐದನೆಯದು ಸೊನ್ನೆ, ಆರನೆಯದು ಹೊಟ್ಟೆ ಹಿಡಿದುಕೊಳ್ಳುವಂತೆ ಮಾಡಿ ಇದ್ದ ಸುಖದಲ್ಲೇ 5 ಕಳೆಯುತ್ತದೆ. ಆರು ಮುಖಗಳ ಮೀಮು ಇದಕ್ಕೆ ಹೇಳಿ ಮಾಡಿಸಿದ ಅಚ್ಚು: ಮೊದಲ ಮುಖದಲ್ಲಿ ಸ್ವರ್ಗ, ಕೊನೆಯದರಲ್ಲಿ ಕಣ್ಣೀರು. ಮಕ್ಕಳು ತಾವೇ ಮುಖ ಆರಿಸಿ ತರುತ್ತಾರೆ. ಹಾಸ್ಯನಟ ಸಾಧು ಕೋಕಿಲ ಒಬ್ಬರೇ ಆರೂ ಮುಖಗಳನ್ನು ಒದಗಿಸಬಲ್ಲರು.

ಇಲ್ಲಿಯೂ ಚಿತ್ರ ಒಂದು ಗುಂಡಿ ತೋಡಿಟ್ಟಿರುತ್ತದೆ. ನಾಲ್ಕನೆಯ ಮುಖ ಬಾಡಿದೆ. ಹಾಗಾದರೆ ನಾಲ್ಕನೆಯ ಮಿರ್ಚಿಯಿಂದ ಅವನ ಸುಖ ಕಡಿಮೆಯಾಯಿತೇ? ಬಹಳ ಮಕ್ಕಳು ಹೌದು ಎನ್ನುತ್ತಾರೆ. ಕೂಡಿಸಿ ನೋಡಲು ಹೇಳಿ: 20, 36, 46, 50, 50, 45. ನಾಲ್ಕನೆಯದರಲ್ಲೂ ಒಟ್ಟು ಸುಖ 46ರಿಂದ 50ಕ್ಕೆ ಏರಿದೆ; ಇಳಿದದ್ದು ಪ್ರತಿ ಹೊಸ ಮಿರ್ಚಿ ಸೇರಿಸುವ ಪಾಲು ಮಾತ್ರ. ಒಟ್ಟು ಮತ್ತು ಸೀಮಾಂತದ ನಡುವಿನ ಈ ವ್ಯತ್ಯಾಸ ಅರ್ಥಶಾಸ್ತ್ರದ ಅರ್ಧ ಮನೆಯ ಬೀಗದ ಕೈ. ಮೀಮು ಮುಖ ತೋರಿಸಿತು, ಲೆಕ್ಕ ಮುಖದ ಹಿಂದಿನದನ್ನು ತೋರಿಸಿತು. ಎರಡೂ ಒಂದೇ ಗಂಟೆಯಲ್ಲಿ ಆಗಬೇಕು. ಲೆಕ್ಕವಿಲ್ಲದೆ ಚಿತ್ರ ತೋರಿಸಿ ಗಂಟೆ ಬಾರಿಸಿದರೆ ಆ ದಿನದ ಪಾಠ ಆಗಲಿಲ್ಲವೆಂದೇ ಲೆಕ್ಕ.

ಕನ್ನಡದ ಮಕ್ಕಳಿಗೆ ಇದೆಲ್ಲ ಹೊಸದೇನಲ್ಲ. ಬರೆದವರ ಹೆಸರಿಲ್ಲದೆ, ಬಾಯಿಂದ ಬಾಯಿಗೆ ನಕಲಾಗುತ್ತ, ಸಂದರ್ಭಕ್ಕೆ ತಕ್ಕಂತೆ ಅಂಟಿಸಿಕೊಳ್ಳಬಹುದಾದ ಚುಟುಕು ಮಾತು ನಮ್ಮ ಅಜ್ಜಿಯರ ಹತ್ತಿರ ಚೀಲಗಟ್ಟಲೆ ಇತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಆಯವ್ಯಯದ ಮಿತಿಯ ಪಾಠ. ಅತಿಯಾದರೆ ಅಮೃತವೂ ವಿಷ ಎಂಬುದು ಈಗ ಹೇಳಿದ ಮಿರ್ಚಿಯೇ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂಬ ಮಾತಿನಲ್ಲಿ, ದುಡಿಯದೆ ಪಾಲು ಬಯಸುವವರಿಂದ ಸಾರ್ವಜನಿಕ ಕೆಲಸ ನಿಂತುಹೋಗುವ ಸಮಸ್ಯೆ ಇಡಿಯಾಗಿ ಕೂತಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದಾಗ, ಕಾಯಲು ನೇಮಿಸಿದವನ ಹಿತವೂ ಒಡೆಯನ ಹಿತವೂ ಬೇರೆಯಾದಾಗ ಏನಾಗುತ್ತದೆ ಎಂದು ಅರ್ಥಶಾಸ್ತ್ರಜ್ಞರು ಬರೆದ ದಪ್ಪ ಪುಸ್ತಕಗಳ ಸಾರವಿದೆ. ಗಾದೆಗೆ ಒಂದು ಮುಖ ಅಂಟಿಸಿದರೆ ಮೀಮು. ಚಿತ್ರ ಸೇರಿಸಿ ನಗಿಸುವುದೂ ನಮಗೆ ಹಳೆಯದೇ: ರಾಶಿಯವರ ಹಾಸ್ಯಪತ್ರಿಕೆ 'ಕೊರವಂಜಿ' 1942ರಿಂದ 1967ರವರೆಗೆ ಕನ್ನಡಿಗರನ್ನು ನಗಿಸುತ್ತ ನಡೆಯಿತು, ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದವರು.

ಕಾಣದ್ದನ್ನು ಕಾಣಿಸಬೇಕೆಂಬ ಹಂಬಲ ಅರ್ಥಶಾಸ್ತ್ರದ ಮೇಷ್ಟ್ರುಗಳಿಗೆ ಎಲ್ಲ ಕಡೆಯೂ ಇದ್ದದ್ದೇ. ನ್ಯೂಜಿಲೆಂಡಿನ ಬಿಲ್ ಫಿಲಿಪ್ಸ್ 1949ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಕೊಳವೆ, ತೊಟ್ಟಿಗಳನ್ನು ಜೋಡಿಸಿ, ಬಣ್ಣದ ನೀರು ಹರಿಸಿ, ದೇಶದ ಆದಾಯ ಹೇಗೆ ಹರಿಯುತ್ತದೆ, ತೆರಿಗೆಯಾಗಿ ಎಲ್ಲಿ ಸೋರುತ್ತದೆ, ಉಳಿತಾಯವಾಗಿ ಎಲ್ಲಿ ನಿಲ್ಲುತ್ತದೆ ಎಂದು ಯಂತ್ರವನ್ನೇ ಮಾಡಿ ತೋರಿಸಿದರು. ಸೊನ್ನದ ಬ್ಯಾರೇಜಿನಲ್ಲಿ ಭೀಮೆಯ ನೀರು ನಿಲ್ಲುವುದನ್ನು, ಗೇಟು ಎತ್ತಿದಾಗ ಹರಿಯುವುದನ್ನು ಕಂಡ ಅಫಜಲಪುರದ ಹುಡುಗನಿಗೆ ಆ ಯಂತ್ರದ ತತ್ವ ಹೇಳಿಕೊಡುವುದು ಎಷ್ಟು ಹೊತ್ತಿನ ಕೆಲಸ! ನಮ್ಮ ಕಾಲದಲ್ಲಿ ಯೋರಮ್ ಬಾಮನ್ ಎಂಬ ಅರ್ಥಶಾಸ್ತ್ರಜ್ಞ, ಚಿತ್ರಕಾರ ಗ್ರೇಡಿ ಕ್ಲೈನ್ ಜೊತೆಗೂಡಿ 2010ರಲ್ಲಿ ಸೂಕ್ಷ್ಮ ಅರ್ಥಶಾಸ್ತ್ರಕ್ಕೆ, 2012ರಲ್ಲಿ ಸಮಗ್ರ ಅರ್ಥಶಾಸ್ತ್ರಕ್ಕೆ ವ್ಯಂಗ್ಯಚಿತ್ರಗಳ ಪುಸ್ತಕವನ್ನೇ ತಂದರು.

ಇನ್ನು ತೊಗರಿಗೆ ಬರೋಣ. ಆಳಂದ, ಅಫಜಲಪುರ, ಜೇವರ್ಗಿಯ ತರಗತಿಯಲ್ಲಿ ತೊಗರಿಯಿಲ್ಲದ ಅರ್ಥಶಾಸ್ತ್ರ ಉಪ್ಪಿಲ್ಲದ ಬ್ಯಾಳಿಯಂತೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಈ ಸೀಮೆಯನ್ನು ತೊಗರಿಯ ಕಣಜ ಎಂದೇ ಕರೆಯುತ್ತಾರೆ. ಮುಂಗಾರಿನಲ್ಲಿ ಬಿತ್ತಿ ಡಿಸೆಂಬರ್, ಜನವರಿಯಲ್ಲಿ ರಾಶಿ ಮಾಡುವ ಬೆಳೆ ಅದು. ಬಿತ್ತುವಾಗ ರೈತನ ಕಣ್ಣ ಮುಂದೆ ಇರುವುದು ಹೋದ ವರ್ಷದ ಬೆಲೆ. ಮಾರುವಾಗ ಸಿಗುವುದು ಈ ವರ್ಷದ ಬೆಲೆ. ಈ ಆರೇಳು ತಿಂಗಳ ಅಂತರದಲ್ಲೇ ಒಂದು ದೊಡ್ಡ ಸಿದ್ಧಾಂತ ಅಡಗಿದೆ. ಬೆಲೆ ಏರಿದ ವರ್ಷದ ನಂತರ ಎಲ್ಲರೂ ಬಿತ್ತುತ್ತಾರೆ, ಬೆಲೆ ಬೀಳುತ್ತದೆ. ಬಿದ್ದ ವರ್ಷದ ನಂತರ ಎಲ್ಲರೂ ಬಿಡುತ್ತಾರೆ, ಬೆಲೆ ಏರುತ್ತದೆ. ನಕ್ಷೆಯ ಮೇಲೆ ಗೆರೆ ಎಳೆಯುತ್ತ ಹೋದರೆ ಜೇಡರ ಬಲೆಯಂತೆ ಕಾಣುತ್ತದೆ. ಆ ಹೆಸರನ್ನು ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡಾರ್ 1934ರಲ್ಲಿ ಕೊಟ್ಟರು.

ನಮ್ಮಲ್ಲಿ ಇದು ಕಣ್ಣಾರೆ ನಡೆದದ್ದು. 2014, 2015 ಎರಡೂ ಬರದ ವರ್ಷಗಳು. 2015ರ ಅಕ್ಟೋಬರ್ ಹೊತ್ತಿಗೆ ತೊಗರಿಬೇಳೆ ನಗರಗಳಲ್ಲಿ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. ಮಾರುಕಟ್ಟೆಯಲ್ಲಿ ತೊಗರಿ ಕ್ವಿಂಟಲಿಗೆ 10 ಸಾವಿರ ದಾಟಿತು. 2016ರಲ್ಲಿ ಮಳೆ ಕೈಹಿಡಿಯಿತು, ಬಿತ್ತನೆ ಹೆಚ್ಚಿತು. ದೇಶದ ತೊಗರಿ ಉತ್ಪಾದನೆ 2015-16ರಲ್ಲಿ ಸುಮಾರು 25.6 ಲಕ್ಷ ಟನ್ ಇದ್ದದ್ದು 2016-17ರಲ್ಲಿ ಸುಮಾರು 48.7 ಲಕ್ಷ ಟನ್ನಿಗೆ ನೆಗೆಯಿತು. ಆ ಹಂಗಾಮಿನ ಬೆಂಬಲ ಬೆಲೆ ಬೋನಸ್ ಸೇರಿ 5,050 ರೂಪಾಯಿ. ಪೇಟೆಯ ಬೆಲೆ ಅದಕ್ಕಿಂತಲೂ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಚೀಲ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತವು.

ಇದಕ್ಕೆ ಯಾವ ಅಚ್ಚು? ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿ ನಿಂತಿರುವ, ಒಂದೇ ಥರ ಬಟ್ಟೆ ತೊಟ್ಟ ಸ್ಪೈಡರ್‌ಮ್ಯಾನ್‌ಗಳ ಚಿತ್ರ ಹುಡುಗರಿಗೆ ಗೊತ್ತು. ಪ್ರತಿಯೊಬ್ಬನ ಮೇಲೂ ಒಂದೊಂದು ಊರಿನ ಹೆಸರು ಬರೆಯಿರಿ. ಕೆಳಗೆ ಒಂದೇ ಮಾತು: 'ನೀನೂ ಹೋದ್ವರ್ಷದ ರೇಟ್ ನೋಡಿದ್ದ್ಯಾ?' ಸಿದ್ಧಾಂತದ ಹೆಸರಿಗೂ ಚಿತ್ರಕ್ಕೂ ಜೇಡದ ನಂಟು ಬಂದದ್ದು ಅದೃಷ್ಟ. ಆದರೆ ಅಚ್ಚು ಒಪ್ಪುವುದು ಅದಕ್ಕಲ್ಲ. ಎಲ್ಲರೂ ಒಂದೇ ಮಾಹಿತಿ ನೋಡಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ತೀರ್ಮಾನಕ್ಕೆ ಬಂದರು ಎಂಬ ಸಂಬಂಧವನ್ನು ಅದು ಇದ್ದಂತೆಯೇ ಹೇಳುತ್ತದೆ ಎಂಬುದಕ್ಕೆ. ಒಬ್ಬೊಬ್ಬನ ಲೆಕ್ಕವೂ ಸರಿ, ಎಲ್ಲರ ಲೆಕ್ಕ ಸೇರಿದಾಗ ತಪ್ಪು. ನಗು ಬೀಳುವುದು ಈ ಸಿಕ್ಕಿನ ಮೇಲೆ. ರೈತನ ಬುದ್ಧಿಯ ಮೇಲೆ ನಗು ಬೀಳುವ ಮೀಮು ಈ ವಿಷಯಕ್ಕೆ ಸುಳ್ಳು, ಜೊತೆಗೆ ಕ್ರೂರ. ಆ ತರಗತಿಯಲ್ಲಿ ಕೂತ ಮಗುವಿನ ಅಪ್ಪನೇ ಆ ಸಾಲಿನಲ್ಲಿ ನಿಂತಿದ್ದಿರಬಹುದು.

ಆಮೇಲೆ ಕೊರತೆ ಹುಡುಕುವ ಕೆಲಸ. ಜೇಡರ ಬಲೆ ಹೇಳದೆ ಬಿಟ್ಟದ್ದೇನು? ಮಳೆಯನ್ನು ಹೇಳಲಿಲ್ಲ, 2016ರ ಮಳೆ ಕೈಕೊಟ್ಟಿದ್ದರೆ ಅಷ್ಟೇ ಬಿತ್ತನೆಗೆ ಅಷ್ಟು ರಾಶಿ ಬರುತ್ತಿರಲಿಲ್ಲ. ಆಮದನ್ನು ಹೇಳಲಿಲ್ಲ, 2016ರಲ್ಲಿ ಭಾರತ ಮೊಜಾಂಬಿಕ್ ದೇಶದೊಂದಿಗೆ ಬೇಳೆಕಾಳು ತರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ನೋಟನ್ನೂ ಹೇಳಲಿಲ್ಲ, ರಾಶಿಗೆ ಮುಂಚೆ, ನವೆಂಬರ್ 8ರಂದು 500, 1000ದ ನೋಟು ರದ್ದಾಗಿದ್ದವು. ಅಡತಿ ಅಂಗಡಿಯಲ್ಲಿ ರೊಕ್ಕ ಎಣಿಸುವವನಿಗೆ ಆ ದಿನಗಳಲ್ಲಿ ಏನಾಗಿತ್ತು ಎಂದು ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರಲಿ. ಒಂದು ಚಿತ್ರದಿಂದ ಶುರುವಾದದ್ದು ಈಗ ಹವಾಮಾನ, ವಿದೇಶ ವ್ಯಾಪಾರ, ಹಣದ ಚಲಾವಣೆಯವರೆಗೆ ಬಂತು. ತೊಗರಿಯ ಬೆಂಬಲ ಬೆಲೆ 2025-26ಕ್ಕೆ 8,000 ರೂಪಾಯಿ ಆಗಿತ್ತು; ಹಣದುಬ್ಬರ ಕಳೆದು ನೋಡಿದರೆ 2016ರ 5,050ಕ್ಕಿಂತ ಎಷ್ಟು ಹೆಚ್ಚು ಎಂಬುದು ಮನೆಗೆಲಸ.

ಕಬ್ಬಿನದು ಬೇರೆಯೇ ಕಥೆ. ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ, ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆ ಅಂಶವನ್ನೂ ಕಳೆದುಕೊಳ್ಳುತ್ತದೆ. ಕೊಳ್ಳುವವರು ಒಬ್ಬಿಬ್ಬರೇ ಇದ್ದು, ಮಾಲು ಕಾಯುವಂತಿಲ್ಲದಾಗ ಬೆಲೆ ಯಾರ ಕೈಯಲ್ಲಿರುತ್ತದೆ? ಎರಡು ಗುಂಡಿಯ ಅಚ್ಚು ಇಲ್ಲಿ ಸರಿಯಾಗಿ ಕೂರುತ್ತದೆ: ಒಂದರ ಮೇಲೆ 'ಈಗ ಕೊಡು', ಇನ್ನೊಂದರ ಮೇಲೆ 'ಒಣಗಲಿ ಬಿಡು'. ಸರಕಾರ ನ್ಯಾಯಸಮ್ಮತ ಬೆಲೆ ಎಂದು ನಿಗದಿ ಮಾಡುವುದು (2025-26ರ ಹಂಗಾಮಿಗೆ, ಶೇಕಡಾ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ) ಏಕೆಂದು ಆ ಬೆವರಿದ ಮುಖ ನೋಡಿದ ಮೇಲೆ ಬಿಡಿಸಿ ಹೇಳಬೇಕಾಗಿಲ್ಲ. ತೊಗರಿಯಾದರೆ ಚೀಲದಲ್ಲಿ ಕಾಯುತ್ತದೆ. ಕಾಯದೆ ಇರುವುದು ಅದರ ಮೇಲಿನ ಸಾಲ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೀಮಿನ ಮಾತು ಪುಸ್ತಕದ ಕನ್ನಡದಲ್ಲಿದ್ದರೆ ಸತ್ತುಹೋಗುತ್ತದೆ. ಬೆಂಗಳೂರಿನ ಟ್ರೋಲ್ ಪುಟಗಳ ಕನ್ನಡ ಇಲ್ಲಿ ಪರಕೀಯ. ಉತ್ತರ ಕರ್ನಾಟಕದ್ದೆಂದು ಧಾರವಾಡದ 'ಐತಿ' ತಂದು ಹಾಕಿದರೂ ಆಳಂದದ ಹುಡುಗ ಗುರುತು ಹಿಡಿಯುತ್ತಾನೆ. ಅವನ ಬಾಯಲ್ಲಿರುವುದು 'ಅದ'. ಮಹಾರಾಷ್ಟ್ರದ ಅಕ್ಕಲಕೋಟ, ಉಮರ್ಗಾದ ಗಡಿಗೆ ಅಂಟಿಕೊಂಡ ಊರುಗಳಲ್ಲಿ ಮನೆಮಾತು ಮರಾಠಿಯೂ ಇರಬಹುದು, ದಖನಿ ಉರ್ದುವೂ ಇರಬಹುದು, ಲಂಬಾಣಿಯೂ ಇರಬಹುದು. ಹೀಗಾಗಿ ಇಲ್ಲಿನ ಮಕ್ಕಳಿಗೆ ಹಿಂದಿ ಸಿನಿಮಾ 'ಹೇರಾ ಫೇರಿ'ಯ ಬಾಬುರಾವ್ ಕೂಡ ಮನೆಯವನೇ. ಮೊದಲು ಮೀಮಿನಲ್ಲಿ ಮನೆಯ ಮಾತು, ಅರ್ಥವಾದ ಮೇಲೆ ಹಲಗೆಯ ಮೇಲೆ ಪುಸ್ತಕದ ಶಬ್ದ: ಈ ಕ್ರಮ ತಪ್ಪಬಾರದು. ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಸೀಮಾಂತ ತುಷ್ಟಿಗುಣ ಎಂದೇ. ಆ ಶಬ್ದ ಕೊಡದೆ ಕಳಿಸಿದರೆ ಮಗುವಿಗೆ ಅನ್ಯಾಯ.

ಬಾಬುರಾವನ ನೆನಪಾದದ್ದಕ್ಕೆ ಇನ್ನೊಂದು ಪಾಠ. ಆ ಸರಣಿಯ ಎರಡನೆಯ ಚಿತ್ರದಲ್ಲಿ, 2006ರದು, ಕೆಲವೇ ದಿನದಲ್ಲಿ ದುಡ್ಡು ದುಪ್ಪಟ್ಟು ಎನ್ನುವ ಚೀಟಿ ವ್ಯವಹಾರಕ್ಕೆ ಎಲ್ಲರೂ ಬೀಳುತ್ತಾರೆ. ಆ ದೃಶ್ಯದ ಮೀಮು ದೇಶಕ್ಕೆಲ್ಲ ಗೊತ್ತು. ಅದನ್ನು ತೋರಿಸಿ ಮಕ್ಕಳಿಗೆ ಲೆಕ್ಕ ಕೊಡಿ: ತಿಂಗಳಿಗೊಮ್ಮೆ ದುಪ್ಪಟ್ಟಾದರೆ 1,000 ರೂಪಾಯಿ ವರ್ಷಕ್ಕೆ ಎಷ್ಟು? 40 ಲಕ್ಷದ 96 ಸಾವಿರ. ಎರಡು ವರ್ಷಕ್ಕೆ? 1,677 ಕೋಟಿಗೂ ಮೇಲೆ. ಅಷ್ಟು ಹಣ ಯಾರ ಜೇಬಿನಿಂದ ಬರಬೇಕು ಎಂದು ಕೇಳಿ ಸುಮ್ಮನಿರಿ. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರು ಕಳಿಸುವ ಹಣದ ಮೇಲೆ ನಡೆಯುವ ಮನೆಗಳಿವು. ಈ ಒಂದು ಗುಣಾಕಾರ ನೆನಪಿದ್ದರೆ ಆ ಹಣ ಉಳಿಯುತ್ತದೆ. ಪಠ್ಯಕ್ರಮದಲ್ಲಿ ಇದಿರಲಿ ಬಿಡಲಿ, ಕಲಿಸಲೇಬೇಕು.

ನಗು ಎಲ್ಲಿ ಬೀಳಬೇಕು ಎಂಬುದು ಈ ಕಸುಬಿನ ಅತಿ ಕಷ್ಟದ ಭಾಗ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ಹಿಂದುಳಿದವು ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರಲ್ಲಿವೆ. ಹಿಂದುಳಿದದ್ದೆಂಬ ಹಣೆಪಟ್ಟಿ ಹೊತ್ತ ಊರಿನ ಮಕ್ಕಳು ತಮ್ಮ ಮಾತಿನ ಧಾಟಿಯನ್ನು, ತಮ್ಮ ಬಿಸಿಲನ್ನು ಬೇರೆಯವರು ಮೀಮು ಮಾಡಿ ನಕ್ಕದ್ದನ್ನು ಕಂಡು ಬೆಳೆದವರು. ತರಗತಿಯೊಳಗೂ ಬಡತನ, ಜಾತಿ, ಮೈಬಣ್ಣ, ಅಪ್ಪನ ಕೆಲಸ ನಗುವಿನ ವಸ್ತುವಾದರೆ ಅದಕ್ಕಿಂತ ಪಾಠವಿಲ್ಲದಿರುವುದೇ ವಾಸಿ. ಎನ್‌ಸಿಇಆರ್‌ಟಿಯ ರಾಜ್ಯಶಾಸ್ತ್ರ ಪುಸ್ತಕಗಳು 2006ರ ನಂತರ ವ್ಯಂಗ್ಯಚಿತ್ರಗಳನ್ನೂ, ಉನ್ನಿ, ಮುನ್ನಿ ಎಂಬ ಇಬ್ಬರು ತುಂಟ ಪ್ರಶ್ನೆಗಾರರನ್ನೂ ತಂದು ಮಕ್ಕಳ ಮನಸ್ಸು ಗೆದ್ದಿದ್ದವು. 2012ರಲ್ಲಿ, ವ್ಯಂಗ್ಯಚಿತ್ರಕಾರ ಶಂಕರ್ ಅವರ 1949ರ ಒಂದು ಚಿತ್ರದಲ್ಲಿ ಅಂಬೇಡ್ಕರರನ್ನು ತೋರಿಸಿದ ಬಗೆ ಬಹಳ ಜನರನ್ನು ನೋಯಿಸಿತು, ಸಂಸತ್ತಿನಲ್ಲಿ ಗದ್ದಲವಾಯಿತು, ಪುಸ್ತಕದ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಅಷ್ಟು ಒಳ್ಳೆಯ ಪುಸ್ತಕಗಳಿಗೆ ಹಾಗಾದದ್ದು ನನಗೆ ಇಂದಿಗೂ ಬೇಸರ. ಆದರೂ ಅಲ್ಲೊಂದು ಪಾಠವಿದೆ: ಚಿತ್ರ ಮಾಡಿದವನ ಉದ್ದೇಶ ಚಿತ್ರದ ಜೊತೆ ಪ್ರಯಾಣ ಮಾಡುವುದಿಲ್ಲ. ತರಗತಿಗೆ ತರುವ ಮುಂಚೆ, ಅದರಿಂದ ನೋಯಬಹುದಾದವರ ಕಣ್ಣಿನಿಂದ ಒಮ್ಮೆ ನೋಡಬೇಕು. ಗೊತ್ತಿರುವವರ ಫೋಟೋ ಅಂತೂ ಬೇಡವೇ ಬೇಡ.

ಮೊಬೈಲ್ ತರಗತಿಗೆ ತರುವಂತಿಲ್ಲವಲ್ಲ ಎಂದು ಕೇಳಬಹುದು. ತರಬೇಕಾಗಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಬೆಲೆ ನೆಲ ಕಚ್ಚಿದ ಮೇಲೆ ಅಚ್ಚುಗಳೆಲ್ಲ ಮಕ್ಕಳ ತಲೆಯಲ್ಲೇ ಇವೆ. (ಬೆಲೆ ಇಳಿದಾಗ ಬಳಕೆ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬ ಸ್ಥಿತಿಸ್ಥಾಪಕತ್ವದ ಪಾಠಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಅವರ ಆಯುಷ್ಯದಲ್ಲಿ ಇಲ್ಲ.) ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದರೆ ಯಾವ ಅಚ್ಚೆಂದು ಹೊಳೆಯುತ್ತದೆ. ಹಳೆಯ ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ಲು ಸಾಕು. ಮೇಷ್ಟ್ರು ಎರಡು ಮೂರು ಮಾಡಿ ತೋರಿಸಿದ ಮೇಲೆ ಕೈ ಮಕ್ಕಳದ್ದೇ ಆಗಬೇಕು, ಏಕೆಂದರೆ ಅಚ್ಚು ಆರಿಸುವುದರಲ್ಲೇ ಕಲಿಕೆ ಇದೆ. ಮೊದಲು ಪಾಠದ ಸಂಬಂಧವನ್ನು ಒಂದೇ ವಾಕ್ಯದಲ್ಲಿ ಬರೆಯಲಿ. ಆ ವಾಕ್ಯ ಬರೆಯಲಾಗದಿದ್ದರೆ ಪಾಠ ಅರ್ಥವಾಗಿಲ್ಲ, ಮೀಮಿಗೆ ಹೋಗುವುದೇ ಬೇಡ. ಬರೆದ ಮೇಲೆ ಅಚ್ಚು ಹುಡುಕಲಿ, ಪಕ್ಕದವರಿಗೆ ಕೊಟ್ಟು 'ಇದರಲ್ಲಿ ತಪ್ಪೇನು' ಎಂದು ಕೇಳಲಿ. ತಪ್ಪನ್ನು ಹಾಳೆಯ ಹಿಂದೆ ಬರೆದು ಸಹಿ ಹಾಕಲಿ. ದ್ವಿತೀಯ ಪಿಯುಸಿ ಅರ್ಥಶಾಸ್ತ್ರಕ್ಕೆ ಈಗ 20 ಆಂತರಿಕ ಅಂಕಗಳಿವೆ. ಅದರ ಯೋಜನಾ ಕೆಲಸಕ್ಕೆ ಇಂಥ ಹಾಳೆಗಳ ಕಟ್ಟು ಒಪ್ಪುವುದಿಲ್ಲ ಎನ್ನುವ ಕಾರಣ ನನಗೆ ಕಾಣುವುದಿಲ್ಲ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಅರ್ಥಶಾಸ್ತ್ರದ ವಿಭಾಗವಿದೆ. ಮೂರು ತಾಲ್ಲೂಕುಗಳ ಕಾಲೇಜುಗಳ ಮೇಷ್ಟ್ರುಗಳಲ್ಲಿ, ಆ ವಿಭಾಗದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಈ ಡಿಸೆಂಬರಿನಲ್ಲಿ ತೊಗರಿ ರಾಶಿಯಾಗುವ ಹೊತ್ತಿಗೆ ಮಕ್ಕಳಿಂದ ತೊಗರಿಯ ಮೀಮು ಮಾಡಿಸಿ. ಪ್ರತಿ ಹಾಳೆಯ ಮೂಲೆಯಲ್ಲಿ ಆ ದಿನದ ತಾರೀಖು, ಎಪಿಎಂಸಿಯಲ್ಲಿ ಆ ದಿನ ಬಿಟ್ಟ ಬೆಲೆ, ಊರಿನ ಹೆಸರು ಬರೆಸಿ, ಕಟ್ಟಿ, ಎತ್ತಿಡಿ. ಮುಂದಿನ ವರ್ಷದ ಮಕ್ಕಳಿಗೆ ಹೋದ ವರ್ಷದ ಬೆಲೆ ಬೇಕಾಗುತ್ತದೆ.